ಮಧ್ಯಾಹ್ನಕ್ಕೆ ಇಳಿಯದ ಬ್ಯಾಟರಿ

ನನ್ನ ಅಕ್ಷರ ಓರೆ. ಒಂದೇ ಸಾಲಿನಲ್ಲಿ ಒಂದು ದೊಡ್ಡದು, ಒಂದು ಸಣ್ಣದು ಬರುತ್ತದೆ. ಒಂಬತ್ತನೇ ತರಗತಿಯ ನಡುವೆ ಶಾಲೆ ಬಿಟ್ಟ ಮೇಲೆ ಬರೆಯುವ ರೂಢಿ ತಪ್ಪಿದೆ. ಮಾತಂತೂ ಮೊದಲಿನಿಂದಲೇ ಕಡಿಮೆ. ಯಾವ ಶಬ್ದ ಎಲ್ಲಿ ಇಡಬೇಕೆಂದು ಯೋಚಿಸಿ ಯೋಚಿಸಿ ಬರೆದಿದ್ದೇನೆ. ಆದರೂ ತಪ್ಪುಗಳಿರುತ್ತವೆ, ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಇದು ನಮ್ಮ ದೊಡ್ಡವ್ವನ ವಿಷಯ. ಹೆಸರು ಅಮರಮ್ಮ, ನಮ್ಮವ್ವನ ಅಕ್ಕ. ಹುಟ್ಟಿದ್ದು ಪಾಮನಕಲ್ಲೂರಿನಲ್ಲಿ, ಮಳೆ ನಂಬಿದ ಜೋಳದ ಹೊಲಗಳ ನಡುವೆ. ಕೊಟ್ಟದ್ದು ಸಿಂಧನೂರಿಗೆ, ಕಾಲುವೆ ನೀರಿನ ಸೀಮೆಗೆ. "ಅಲ್ಲಿ ಹಿಮ್ಮಡ ಒಡೆದು ರಕ್ತ ಬರ್ತಿತ್ತು, ಇಲ್ಲಿ ಬೆರಳ ಸಂದಿ ನೀರಾಗ ಕೊಳಿತಾವು. ಕಾಲಿಗೆ ಎಲ್ಲೂ ಸುಖ ಇಲ್ಲ ನೋಡಬೇ," ಎಂದು ಪಾದ ಒರೆಸಿಕೊಳ್ಳುತ್ತ ನಗುತ್ತಾಳೆ. ಅವಳು ನಗುವುದು ಕೂತಾಗ ಮಾತ್ರ. ನಿಂತಾಗ ಅವಳ ಮುಖದಲ್ಲಿ ಕೆಲಸ ಇರುತ್ತದೆ.

ದೊಡ್ಡಪ್ಪ ವೆಂಕೋಬ ಭತ್ತದ ಗದ್ದೆಗಳಿಗೆ ಎಣ್ಣೆ ಹೊಡೆಯುವ ಕೆಲಸ ಮಾಡುತ್ತಿದ್ದ. ಹುಳಕ್ಕೆ, ರೋಗಕ್ಕೆ ಹೊಡೆಯುವ ಔಷಧವನ್ನು ನಮ್ಮ ಕಡೆ ಎಣ್ಣೆ ಎನ್ನುತ್ತಾರೆ. ಬೆನ್ನಿಗೆ ಕಟ್ಟಿಕೊಳ್ಳುವ ಬ್ಯಾಟರಿ ಪಂಪು ಅವನದೇ ಸ್ವಂತದ್ದು. ಅವನು ಜ್ವರ ಬಂದು ತೀರಿಕೊಂಡ ಮೇಲೆ ಪಂಪು ಗೋಡೆಯ ಮೊಳೆಗೆ ತೂಗುತ್ತಿತ್ತು. ದೊಡ್ಡವ್ವ ಒಂದು ವರ್ಷ ನಾಟಿ ಹಚ್ಚಲು ಹೋದಳು. ದಿನವೆಲ್ಲ ಬಗ್ಗಿ ಬಗ್ಗಿ ನಡು ಹಿಡಿದುಕೊಂಡಿತು. ಆಗ ಒಂದು ಬೆಳಿಗ್ಗೆ ಪಂಪನ್ನು ಮೊಳೆಯಿಂದ ಇಳಿಸಿ, ಎಣ್ಣೆ ಹೊಡೆಯುವ ಗಂಡಸರು ಸೇರುವ ಜಾಗಕ್ಕೆ ಹೋಗಿ ನಿಂತಳಂತೆ. ಆ ಗುಂಪಿನ ಮುಖ್ಯಸ್ಥ ಯಮನೂರ.

"ಅಕ್ಕಾ, ಇದು ಹೆಣ್ಮಕ್ಕಳ ಕೆಲ್ಸ ಅಲ್ಲ," ಎಂದನಂತೆ ಯಮನೂರ.

"ಬೆನ್ನು ಗಂಡಂದೋ ಹೆಣ್ಣಂದೋ ಪಂಪಿಗೆ ಗೊತ್ತಾಗ್ತೈತೇನಪಾ?" ಎಂದಳಂತೆ ಇವಳು.

ಅವತ್ತಿನಿಂದ ಗುಂಪಿನಲ್ಲಿ ಐದು ಜನ: ನಾಲ್ವರು ಗಂಡಸರು, ದೊಡ್ಡವ್ವ. ಬೆಳಿಗ್ಗೆ ಟಂಟಂ ಆಟೋ ಹತ್ತಿ ಜವಳಗೇರಾ ಕಡೆ ಒಬ್ಬ ದೊಡ್ಡ ಧಣಿಯ ಗದ್ದೆಗಳಿಗೆ ಹೋಗುತ್ತಾರೆ. ಧಣಿ ಅಪರೂಪಕ್ಕೆ ಬರುತ್ತಾನೆ. ಗದ್ದೆಯ ಮೇಲೆ ನಿಂತು ಎಲ್ಲ ನೋಡಿಕೊಳ್ಳುವವನು ಕನಕರಾಜ.

ನಾನು ಲಿಂಗಸುಗೂರಿನವಳು. ಶಾಲೆಯಲ್ಲಿ ಎದ್ದು ನಿಂತು ಪಾಠ ಓದು ಎಂದರೆ ನನ್ನಿಂದ ಆಗುತ್ತಿರಲಿಲ್ಲ. ಪುಸ್ತಕ ಹಿಡಿದು ಸುಮ್ಮನೆ ನಿಲ್ಲುತ್ತಿದ್ದೆ. ಒಂದು ದಿನ ಹೋಗಲಿಲ್ಲ, ಮರುದಿನವೂ ಹೋಗಲಿಲ್ಲ, ಹಾಗೇ ನಿಂತುಹೋಯಿತು. "ದೊಡ್ಡವ್ವ ಒಬ್ಬಾಕಿ ಅದಾಳ, ಅಕಿಗೆ ಎರಡು ರೊಟ್ಟಿ ಬಡಿದು ಹಾಕ್ಕೊಂಡರ ಇರು," ಎಂದು ಅವ್ವ ನನ್ನನ್ನು ಸಿಂಧನೂರಿಗೆ ಕಳಿಸಿದಳು. ರೊಟ್ಟಿ ಮಾಡುತ್ತೇನೆ, ನೀರು ತುಂಬುತ್ತೇನೆ, ದೊಡ್ಡವ್ವನ ಎಣ್ಣೆ ವಾಸನೆಯ ಬಟ್ಟೆಗಳನ್ನು ಬೇರೆ ಬಕೆಟ್ಟಿನಲ್ಲಿ ಒಗೆಯುತ್ತೇನೆ. ಅವಳ ಕುಪ್ಪಸ ಒಗೆಯುವಾಗ ಎರಡೂ ಭುಜದ ಮೇಲೆ ಬಟ್ಟೆ ತೆಳ್ಳಗಾಗಿರುವುದು ಕೈಗೆ ತಿಳಿಯುತ್ತದೆ. ಪಂಪಿನ ಪಟ್ಟಿ ಕೂರುವ ಜಾಗ ಅದು. ಬಟ್ಟೆಯ ಕೆಳಗೆ ಚರ್ಮದಲ್ಲೂ ಅದೇ ಅಗಲದ ಕಪ್ಪು ಗೆರೆಗಳಿವೆ. ದೊಡ್ಡಪ್ಪನ ಹಳೇ ಧೋತರ ಮಡಿಚಿ ಪಟ್ಟಿಯ ಕೆಳಗೆ ಇಟ್ಟುಕೊಂಡರೂ ಅವು ಹೋಗಿಲ್ಲ.

ಬೆಸುಗೆ ಹಾಕುವುದನ್ನು ನನಗೆ ಕಲಿಸಿದ್ದು ಪಕ್ಕದ ಮನೆಯ ಮಾಸುಂಬಿ. ಅವಳ ಗಂಡ ಕರೀಂಸಾಬ್ ಗುಜರಿ ವ್ಯಾಪಾರ ಮಾಡುತ್ತಾನೆ. ಕೆಟ್ಟ ಲ್ಯಾಪ್‌ಟಾಪುಗಳ ಬ್ಯಾಟರಿ ಸಿಕ್ಕರೆ ಮನೆಗೆ ತಂದು ಹಾಕುತ್ತಾನೆ. ಮಾಸುಂಬಿ ಅವನ್ನು ಒಡೆದು ಒಳಗಿನ ಸೆಲ್ಲುಗಳನ್ನು ಬಿಡಿಸುತ್ತಾಳೆ. ಬೆರಳಿಗಿಂತ ಸ್ವಲ್ಪ ದಪ್ಪ, ಬೆರಳಷ್ಟೇ ಉದ್ದ. ಇಡೀ ಬ್ಯಾಟರಿ ಕೆಟ್ಟಿದೆ ಎಂದು ಬಿಸಾಡಿದ್ದರೂ ಒಳಗೆ ಕೆಲವು ಸೆಲ್ ಗಟ್ಟಿ ಇರುತ್ತವೆ. ಆ ಗಟ್ಟಿಯವನ್ನು ಜೋಡಿಸಿ ಟಾರ್ಚುಗಳಿಗೆ, ಕರೆಂಟು ಹೋದಾಗ ಹಚ್ಚುವ ದೀಪಗಳಿಗೆ ಬ್ಯಾಟರಿ ಮಾಡಿ ಕೊಡುತ್ತಾಳೆ. ನಾನು ಅವಳ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದೆ.

"ಬಾಗಲಾಗ ನಿಂತು ಎಷ್ಟು ದಿನ ನೋಡ್ತಿ ಬೇಟಿ? ಒಳಗ ಬಂದು ನೀನೂ ಒಂದೀಟು ಹೊಗಿ ಕುಡಿ," ಎಂದಳು ಒಮ್ಮೆ.

ಒಳಗೆ ಹೋದೆ. ಅವಳ ಬಳಿ ಮಾತಾಡಬೇಕಾದ ಅವಶ್ಯಕತೆ ಇರುವುದಿಲ್ಲ. ಎಲ್ಲ ಅವಳೇ ಮಾತಾಡುತ್ತಾಳೆ.

"ಸೆಲ್ಲಿಗೆ ಬಿಸಿ ಆಗಿಬರಂಗಿಲ್ಲ. ಬೆಸುಗಿ ಕಡ್ಡಿ ಚೊಲೋ ಕಾಯ್ಲಿ, ಆಮ್ಯಾಲೆ ಜಲ್ದಿ ಮುಟ್ಟು, ಜಲ್ದಿ ಬಿಡು. ಹೆದರಿಕೊಂತ ಮೆಲ್ಲಗ ಹಿಡಿದಿ ಅಂದ್ರ ಒಳಗ ಸುಟ್ಟು ಹೋಗ್ತೈತಿ. ಹೆದರಾವ್ರಿಂದನ ಬಾಳ ಸುಡೋದು, ತಿಳೀತೇನು?"

ನಾನು ಹೆದರುವವಳೇ. ಅದಕ್ಕೆ ಮೊದಲು ಸತ್ತ ಸೆಲ್ಲುಗಳ ಮೇಲೆ ಕಲಿತೆ. ತುದಿಯನ್ನು ಮರಳು ಕಾಗದದಿಂದ ಉಜ್ಜಬೇಕು, ಪೇಸ್ಟ್ ಹಚ್ಚಬೇಕು, ಕಾದ ಕಡ್ಡಿಯಿಂದ ಒಂದು ಹನಿ ಸೀಸ ಕೂರಿಸಿ ಕೈ ತೆಗೆಯಬೇಕು. ಹನಿ ಕನ್ನಡಿಯಂತೆ ಹೊಳೆದರೆ ಸರಿ ಕೂತಿದೆ ಎಂದರ್ಥ. ಬೂದಿ ಬಣ್ಣಕ್ಕೆ ತಿರುಗಿದರೆ ಕೂತಿಲ್ಲ. ನನ್ನವು ಬಹಳ ದಿನ ಬೂದಿಯಾಗಿಯೇ ಬಂದವು.

ಇನ್ನು ಗುಂಪಿನ ಒಂದು ಪದ್ಧತಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಮೊದಲು ಕೈಪಂಪು ಇದ್ದಾಗ ಕೂಲಿಯನ್ನು ಎಷ್ಟು ಟ್ಯಾಂಕು ಹೊಡೆದರು ಎಂದು ಲೆಕ್ಕ ಹಿಡಿದು ಕೊಡುತ್ತಿದ್ದರಂತೆ. ಬದುವಿನ ಮೇಲೆ ಟ್ಯಾಂಕಿಗೊಂದು ಹರಳು ಇಡುವುದು, ಯಾರೋ ಒಂದು ಹರಳು ಒದೆಯುವುದು, ಜಗಳ. ಬ್ಯಾಟರಿ ಪಂಪು ಬಂದ ಮೇಲೆ ಆ ಜಗಳ ಮುರಿಯಿತು. ಒಂದು ಚಾರ್ಜಿಗೆ ಒಂದು ದಿನದ ಕೂಲಿ. ಬೆಳಿಗ್ಗೆ ಶುರು ಮಾಡಿದ ಪಂಪು ಬ್ಯಾಟರಿ ಇಳಿಯುವವರೆಗೆ ಹೊಡೆಯಬೇಕು. ಇಳಿಯಿತೋ, ಆ ದಿನ ಮುಗಿಯಿತು. ಎಲ್ಲರ ಬ್ಯಾಟರಿಗಳೂ ಹೆಚ್ಚುಕಡಿಮೆ ಒಂದೇ ವಯಸ್ಸಿನವು, ಮಧ್ಯಾಹ್ನದ ಹೊತ್ತಿಗೆ ಒಂದರ ಹಿಂದೊಂದು ಇಳಿಯುತ್ತಿದ್ದವು. ಕಾಲುವೆಯ ದಂಡೆಯಲ್ಲಿ ಒಂದು ಬೇವಿನ ಮರ ಇದೆ. ಅಲ್ಲಿ ಕೈಕಾಲು ಸೋಪಿನಿಂದ ತೊಳೆದು, ಬುತ್ತಿ ಬಿಚ್ಚಿ ಉಂಡು, ಒಂದು ನಿದ್ದೆ ತೆಗೆದು, ಅದೇ ಟಂಟಂನಲ್ಲಿ ಮನೆಗೆ ಬರುತ್ತಿದ್ದರು. "ಬ್ಯಾಟ್ರಿ ಕುಂತ್ರ ನಾವೂ ಕುಂತ್ವಿ," ಎನ್ನುತ್ತಿದ್ದಳು ದೊಡ್ಡವ್ವ. ಇದನ್ನು ನಾನು ಎಷ್ಟೋ ಸಲ ಕೇಳಿದ್ದೆ. ಕೇಳಿದ್ದೆ, ಅಷ್ಟೇ.

ಈ ಸಲ ಮಳೆಗಾಲದ ಬೆಳೆಗೆ ಎಣ್ಣೆ ಹೊಡೆಯುವ ಹೊತ್ತಿಗೆ ಅವಳ ಪಂಪಿನ ಹಳೇ ಬ್ಯಾಟರಿ ಪೂರ್ತಿ ಸೋತಿತು. ಉಳಿದವರು ಅರ್ಧ ಗದ್ದೆ ಮುಗಿಸುವುದರೊಳಗೆ ಇವಳ ಪಂಪಿನಿಂದ ಮಂಜಿನಂತೆ ಬರಬೇಕಾದ ನೀರು ತೊಟ್ಟು ತೊಟ್ಟಾಗಿ ಬೀಳುತ್ತಿತ್ತು. ಕನಕರಾಜ ಅದನ್ನು ಅರ್ಧ ಚಾರ್ಜು ಎಂದು ಅರ್ಧ ಕೂಲಿ ಕೊಟ್ಟ. ದೊಡ್ಡವ್ವ ಮನೆಗೆ ಬಂದು ಆ ಬ್ಯಾಟರಿಯನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ಮುಂದಿಟ್ಟಳು.

"ಹಿಡಿದು ನೋಡಬೇ ದೀಪಿಕಾ. ನೀರು ಖಾಲಿ ಆದ್ರ ಪಂಪು ಹಗುರ ಆಗ್ತೈತಿ. ಇದು ಮಾತ್ರ ಇಳಿದ ಮ್ಯಾಲೂ ಅಷ್ಟ ಭಾರ ಇರ್ತೈತಿ. ಸತ್ತದ್ದನ್ನ ಹೊತ್ಕೊಂಡು ಬರೋದು ನಾನು."

ಹಿಡಿದು ನೋಡಿದೆ. ನಿಜವಾಗಿಯೂ ಭಾರ. ಸೀಸದ ಬ್ಯಾಟರಿ ಅದು. ಅವತ್ತು ಅವಳು ಉಣ್ಣುತ್ತ ಉಣ್ಣುತ್ತ ತುತ್ತು ಕೈಯಲ್ಲಿ ಹಿಡಿದುಕೊಂಡೇ ನಿದ್ದೆ ಹೋದಳು. ನಾನು ತುತ್ತನ್ನು ಅವಳ ಬೆರಳುಗಳಿಂದ ಬಿಡಿಸಿದೆ. ಆಗ ನನಗೆ ಬೇಕಾಗಿದ್ದು ಒಂದೇ, ಅವಳ ದಣಿವು ಕಡಿಮೆಯಾಗಬೇಕು. ಮಾಸುಂಬಿಯ ಸೆಲ್ಲುಗಳಿಂದ ಪಂಪಿಗೆ ಹಗುರವಾದ ಬ್ಯಾಟರಿ ಮಾಡಬೇಕೆಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ.

ಮಾಸುಂಬಿ ಒಂದು ಬುಟ್ಟಿ ಸೆಲ್ ನನ್ನ ಮುಂದೆ ಸುರಿದಳು. "ಆರಿಸಿಕೋ. ಬದನೆಕಾಯಿ ಆರಿಸಿದಂಗ ಮ್ಯಾಲೆ ನೋಡಿ ಆರಿಸಬ್ಯಾಡ."

ಒಂದೊಂದನ್ನೂ ಚಾರ್ಜ್ ಮಾಡಿ, ಕೆಲವು ದಿನ ಸುಮ್ಮನೆ ಬಿಟ್ಟು, ಮತ್ತೆ ಮೀಟರ್ ಹಿಡಿದು ನೋಡಿದೆ. ಸುಮ್ಮನಿದ್ದಾಗ ಇಳಿದವನ್ನು ತೆಗೆದು ಹಾಕಿದೆ. ಚಾರ್ಜ್ ಆಗುವಾಗ ಬಿಸಿಯಾದವನ್ನೂ ತೆಗೆದೆ. ಕೊನೆಗೆ ಹದಿನೆಂಟು ಉಳಿದವು. ಆರಾರರ ಮೂರು ಗುಂಪು ಮಾಡಿದೆ. ಒಂದು ಗುಂಪಿನ ಆರೂ ಸೆಲ್ ಹೆಗಲು ಕೊಟ್ಟು ಒಂದೇ ಭಾರ ಹೊರುತ್ತವೆ, ಆ ಮೂರು ಗುಂಪು ಒಂದರ ಹಿಂದೊಂದು ನಿಂತರೆ ಪಂಪಿಗೆ ಬೇಕಾದ ಬಲ ಬರುತ್ತದೆ. ಗುಂಪಿನಲ್ಲಿ ಎಷ್ಟು ಹೆಚ್ಚು ಸೆಲ್ ಇದ್ದರೆ ಅಷ್ಟು ಹೆಚ್ಚು ಹೊತ್ತು ಓಡುತ್ತದೆ. ಹೆಚ್ಚು ಹೊತ್ತು ಓಡಲಿ ಎಂದೇ ಆರಾರು ಹಾಕಿದೆ. ಒಳ್ಳೆಯದು ಎಷ್ಟಿದ್ದರೂ ಒಳ್ಳೆಯದು ಎಂದುಕೊಂಡಿದ್ದೆ.

ತುದಿಗೆ ಕಾಗದದ ಉಂಗುರ ಅಂಟಿಸಿ, ನಿಕಲ್ ಪಟ್ಟಿ ಕತ್ತರಿಸಿ, ಒಂದೊಂದಾಗಿ ಬೆಸುಗೆ ಹಾಕಿದೆ. ಒಂದು ಸೆಲ್ಲಿನ ಮೇಲೆ ಹನಿ ಬೂದಿಯಾಗಿ ಬಂತು. ಮತ್ತೆ ಅದರ ಮೇಲೇ ಕಡ್ಡಿ ಇಡಲು ಹೋದಾಗ ಮಾಸುಂಬಿ ನನ್ನ ಮಣಿಕಟ್ಟು ಹಿಡಿದಳು.

"ತಡಿ. ತಣ್ಣಗಾಗ್ಲಿ. ದಣಿದದ್ದನ್ನ ಮತ್ತ ದಣಿಸಬಾರ್ದು, ಜರಾ ಬಿಡು."

ತಣ್ಣಗಾಗುವವರೆಗೆ ಕಾದೆ. ಆಮೇಲೆ ಕೂತಿತು. ಹೆಚ್ಚು ಚಾರ್ಜ್ ಆಗದಂತೆ, ಪೂರ್ತಿ ಬರಿದಾಗದಂತೆ ಕಾಯುವ ಸಣ್ಣ ಬೋರ್ಡು ಕೂರಿಸಿ, ತಂತಿ ಎಳೆದು, ಹಳೇ ಬ್ಯಾಟರಿಯ ಅಳತೆಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅಲುಗದಂತೆ ಇಟ್ಟು ಮುಚ್ಚಿದೆ. ಹಳೇ ಚಾರ್ಜರ್ ಇದಕ್ಕೆ ಆಗುವುದಿಲ್ಲ, ಅದಕ್ಕೆ ಅದನ್ನು ಮನೆಯಲ್ಲೇ ಇಡದೆ ಹಳೇ ಬ್ಯಾಟರಿಯ ಜೊತೆ ಕರೀಂಸಾಬನ ಅಂಗಡಿಗೆ ಹಾಕಿ, ಸರಿಯಾದದ್ದು ತಂದೆ. ದೊಡ್ಡವ್ವ ಡಬ್ಬಿಯನ್ನು ಒಂದೇ ಕೈಯಲ್ಲಿ ಎತ್ತಿ ಕಿವಿಯ ಹತ್ತಿರ ಹಿಡಿದು ಅಲುಗಿಸಿದಳು.

"ಒಳಗ ಏನರ ಇಟ್ಟೀಯೋ, ಬರೇ ಡಬ್ಬಿ ಕೊಟ್ಟೀಯೋ?"

ಪಂಪು ಚಾಲೂ ಮಾಡಿ ತೋರಿಸಿದೆ. ಅಂಗಳದ ತುಂಬ ಮಂಜು ಹರಡಿತು. ದೊಡ್ಡವ್ವ ಡಬ್ಬಿಗೆ ಅರಿಶಿನ ಕುಂಕುಮ ಹಚ್ಚಿದಳು.

ಮೊದಲ ದಿನ ಅವಳು ಬರುವ ಹೊತ್ತಿಗೆ ಬರಲಿಲ್ಲ. ರೊಟ್ಟಿ ಮುಚ್ಚಿಟ್ಟು ಬಾಗಿಲಲ್ಲಿ ಕಾದೆ. ಬಿಸಿಲು ಪೂರ್ತಿ ಇಳಿದ ಮೇಲೆ ಟಂಟಂ ನಮ್ಮ ಓಣಿಯ ಬಾಯಿಗೆ ಬಂದು ನಿಂತಿತು. ಒಳಗಿನಿಂದ ಯಮನೂರನ ದನಿ.

"ಏನಬೇ ದೀಪಿಕಾ, ನಿಮ್ಮ ದೊಡ್ಡವ್ವನ ಬೆನ್ನಿಗೆ ಕರೆಂಟಿನ ಟಿಸಿ ಕಟ್ಟಿ ಕಳಿಸೀಯಲ್ಲ! ನಮ್ಮವು ನಾಕೂ ಮಲಗಿದ್ವು, ಇಕಿದು ಇನ್ನೂ ಗುಂಯ್ ಅಂತಾನ ಐತಿ."

"ಮರದ ಕೆಳಗ ಕುಂತು ಕುಂತು ಕುಂಡಿ ನೊಂದುವು ಅಕ್ಕಾ," ಎಂದ ಇನ್ನೊಬ್ಬ. "ನಾಳಿಂದ ನೀ ಹೊಡಿ, ನಾವು ನಿನ್ನ ಬುತ್ತಿ ಉಂಡು ಕಾಯ್ತೀವಿ."

ದೊಡ್ಡವ್ವ ಇಳಿಯುತ್ತ ಅವರಿಗಿಂತ ಜೋರಾಗಿ ಹೇಳಿದಳು: "ಹೊಟ್ಟಿಕಿಚ್ಚು ಪಡಬ್ಯಾಡ್ರಲೇ. ನನ್ನ ಮಗಳು ಮಾಡ್ಯಾಳ ಅದನ್ನ."

ಮಗಳು ಎಂದಳು. ನನಗೆ ಮುಖ ಬಿಸಿಯಾಯಿತು. ಅವಳ ಕೈಯಿಂದ ಪಂಪು ತೆಗೆದುಕೊಂಡು ಒಳಗೆ ಹೋದೆ. ಅವಳು ಎಷ್ಟು ಹೊತ್ತು ಹೊಡೆದಳು ಎಂಬುದು ಆ ಖುಷಿಯಲ್ಲಿ ನನ್ನ ತಲೆಗೆ ಹೋಗಲಿಲ್ಲ.

ಕೆಲವು ದಿನ ಗಂಡಸರು ಅವಳಿಗಾಗಿ ಕಾದರು. ಆಮೇಲೆ ಟಂಟಂನವನು ತಡ ಮಾಡಲು ಒಪ್ಪಲಿಲ್ಲ. ಅವರು ಮಧ್ಯಾಹ್ನ ಬಂದುಬಿಡುವುದು, ದೊಡ್ಡವ್ವ ಸಂಜೆ ಜವಳಗೇರಾದಿಂದ ಬಸ್ಸಿಗೆ ಬರುವುದು ರೂಢಿಯಾಯಿತು. ಬಂದವಳು ಪಂಪನ್ನು ಚಾರ್ಜಿಗೆ ಹಾಕಲು ನನಗೆ ಕೊಟ್ಟು, ಮಂಚದ ಮೇಲೆ ಕೂತಲ್ಲೇ ಒರಗುತ್ತಿದ್ದಳು. "ಹಗುರ ಐತಿ ಬಿಡವ್ವ, ಬಾಳ ಹಗುರ ಐತಿ," ಎನ್ನುತ್ತಿದ್ದಳು, ನಾನು ಕೇಳದಿದ್ದರೂ. ನಗುವುದು ಕಡಿಮೆಯಾಯಿತು. ಕೂರುವುದೇ ಕಡಿಮೆಯಾಗಿತ್ತು.

ಒಂದು ದಿನ ಪಂಪಿನ ಹೊಸ ವಾಷರ್ ಮನೆಯಲ್ಲೇ ಬಿಟ್ಟು ಹೋದಳು. ಹಳೆಯದರಿಂದ ಎಣ್ಣೆ ಬೆನ್ನಿಗೆ ಸೋರುತ್ತದೆ. ಫೋನ್ ಮಾಡಿದರೆ ಅವಳು ಎತ್ತಲಿಲ್ಲ. ನಾನೇ ಬಸ್ಸು ಹತ್ತಿ, ಜವಳಗೇರಾದಲ್ಲಿ ಇಳಿದು, ಕೇಳಲು ನಾಚಿಕೆಯಾಗಿ ಕಾಲುವೆ ಹಿಡಿದು ನಡೆದೆ. ಬೇವಿನ ಮರ ಕಂಡಿತು. ಮರದ ಕೆಳಗೆ ಊಟ ಮಾಡಿ ಬಿಸಾಡಿದ ಎಲೆ, ಉಳ್ಳಾಗಡ್ಡಿ ಸಿಪ್ಪೆ ಇದ್ದವು, ಜನ ಇರಲಿಲ್ಲ. ಗಂಡಸರು ಹೋಗಿಬಿಟ್ಟಿದ್ದರು. ಹಸಿರು ಗದ್ದೆಯ ನಡುವೆ ದೊಡ್ಡವ್ವ ಒಬ್ಬಳೇ ಇದ್ದಳು. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮೊಣಕಾಲವರೆಗಿನ ಕೆಸರಿನಿಂದ ಒಂದು ಕಾಲು ಎತ್ತಿ, ಸ್ವಲ್ಪ ನಿಂತು, ಇನ್ನೊಂದು ಕಾಲು ಎತ್ತುತ್ತಿದ್ದಳು. ಕೈ ಮಾತ್ರ ನಿಲ್ಲದೆ ಎಡಕ್ಕೆ ಬಲಕ್ಕೆ ಹೋಗುತ್ತಿತ್ತು. ಬದುವಿನ ಮೇಲೆ ಛತ್ರಿ ಹಿಡಿದು ಕನಕರಾಜ ನಿಂತಿದ್ದ.

ಅವಳು ಟ್ಯಾಂಕು ತುಂಬಲು ದಂಡೆಗೆ ಬಂದಳು. ಕನಕರಾಜ ಬಗ್ಗಿ ಪಂಪಿನ ಮೇಲಿನ ಅಂಕಿ ನೋಡಿದ. ಆ ಪಂಪಿಗೆ ಬ್ಯಾಟರಿ ಎಷ್ಟಿದೆ ಎಂದು ತೋರಿಸುವ ಕಣ್ಣು ಇದೆ.

"ಇನ್ನೂ ಬಾಳ ಐತಲ್ಲ ಅಮರಮ್ಮ, ಚಾರ್ಜು."

"ಐತ್ರೀ," ಎಂದಳು ದೊಡ್ಡವ್ವ. "ಒಂದೀಟು ಕುಂತು ಉಂಡು ಹೊಡಿತೀನ್ರೀ."

"ಉಣ್ಣು, ಯಾರು ಬ್ಯಾಡಂದ್ರು? ಚಾರ್ಜು ಮುಗಿಸಿ ಉಣ್ಣು. ಮುಗಿಸೇ ಉಣ್ಣೋದು ನಿಮ್ಮ ಪದ್ಧತಿ, ನಂದಲ್ಲ."

ಆಗ ದೊಡ್ಡವ್ವ ನನ್ನನ್ನು ನೋಡಿದಳು. ಮುಖದ ಬಟ್ಟೆ ತೆಗೆಯದೆ ಕಣ್ಣಲ್ಲೇ ಹೋಗು ಎಂದಳು. ನಾನು ಹೋಗದೆ ಹತ್ತಿರ ಬಂದು ವಾಷರ್ ಹಾಕಿಕೊಟ್ಟೆ. ಅವಳ ಬೆನ್ನು ಎಣ್ಣೆಯಿಂದ ಒದ್ದೆಯಾಗಿತ್ತು. ನಾನು ಯಾರೆಂದು ಕೇಳಿ ತಿಳಿದ ಕನಕರಾಜನ ಮುಖ ಅರಳಿತು.

"ಓಹೋ, ಡಬ್ಬಿ ಮಾಡಿದಾಕಿ ನೀನೇನು? ಧಣಿಗೆ ಹೇಳೀನಿ. ಆ ನಾಕು ಮಂದಿ ಪಂಪಿಗೂ ಇಂಥವ ಮಾಡಿಕೊಡು. ಸಾಮಾನೆಲ್ಲ ನಾವು ತರಿಸ್ತೀವಿ. ಕೈ ಚೊಲೋ ಐತಿ ನಿಂದು, ಮನ್ಯಾಗ ಕುಂತು ದುಡಿಬಹುದು."

ಶಾಲೆ ಬಿಟ್ಟ ಮೇಲೆ ನನ್ನ ಕೈ ಚೆನ್ನಾಗಿದೆ ಎಂದು ಹೊರಗಿನವರು ಹೇಳಿದ್ದು ಅದೇ ಮೊದಲು. ನನ್ನ ಬಾಯಿಂದ ಹೂಂ ಬರಲಿಲ್ಲ, ಊಹೂಂ ಕೂಡ ಬರಲಿಲ್ಲ. ಅವನು ಒಪ್ಪಿದಳು ಎಂದುಕೊಂಡ. ದೊಡ್ಡವ್ವ ಮತ್ತೆ ಗದ್ದೆಗೆ ಇಳಿದಳು. ಹೋಗುವಾಗ ಅವಳ ಬುತ್ತಿ ಮರದ ಕೊಂಬೆಗೆ ತೂಗುತ್ತಿದ್ದುದನ್ನು ನೋಡಿದೆ. ನಾನು ಕಟ್ಟಿಕೊಟ್ಟ ಗಂಟು ಹಾಗೇ ಇತ್ತು.

ಎರಡು ದಿನ ಬಿಟ್ಟು ಯಮನೂರ ಮನೆಗೆ ಬಂದ. ದೊಡ್ಡವ್ವ ಇನ್ನೂ ಬಂದಿರಲಿಲ್ಲ. ಅವನು ಒಳಗೆ ಬರದೆ ಕಟ್ಟೆಯ ಮೇಲೆ ಕೂತ. ನೀರು ಕೊಟ್ಟೆ.

"ತಂಗಿ, ನಿನಗ ಬೈಯಾಕ ಬಂದಿಲ್ಲ," ಎಂದ. "ಕನಕರಾಜ ನಮ್ಮ ಪಂಪು ಕೇಳಾಕತ್ಯಾನ, ನಿನ್ನ ಕೈಯಾಗ ಕೊಡಬೇಕಂತ. ನೀ ಮಾಡಿದ್ರ ನಮ್ಮ ಮಧ್ಯಾಹ್ನ ಹೋಗ್ತೈತಿ. ಆ ಎಣ್ಣಿ ವಾಸನಿಯೊಳಗ ಸಂಜಿತನಕ ನಿಂತ್ರ ಮನುಷ್ಯಾ ಉಳಿಯಂಗಿಲ್ಲವ್ವ. ನಿಮ್ಮ ದೊಡ್ಡಪ್ಪನ ಜೋಡಿ ನಾ ದುಡಿದೀನಿ. ಅಂವ ಇದ್ದಿದ್ರ ಇದನ್ನ ಹೇಳ್ತಿದ್ದ."

ಮಾಸುಂಬಿ ತನ್ನ ಬಾಗಿಲಿನಿಂದ ಕೇಳಿಸಿಕೊಳ್ಳುತ್ತಿದ್ದಳು. "ಅಲ್ಲೋ ಯಮನೂರಪ್ಪ, ಮಧ್ಯಾಹ್ನಕ್ಕ ಸ್ವಿಚ್ ಬಂದ್ ಮಾಡಿ ಮುಗೀತು ಅನ್ನೋಕಾಗಂಗಿಲ್ಲೇನು ಅಕಿಗೆ?"

"ಅಂವ ಅಂಕಿ ನೋಡ್ತಾನವ್ವ. ಮತ್ತ ಅಮರಕ್ಕ ಸುಳ್ಳು ಹೇಳಾಕಿ ಅಲ್ಲ. ಬಾಯಿ ಹೇಳಿದ್ರೂ ಅಕಿ ಮುಖ ಹೇಳಂಗಿಲ್ಲ."

ಅವನು ಹೋದ ಮೇಲೂ ನಾನು ಲೋಟ ಹಿಡಿದು ನಿಂತಿದ್ದೆ. ಅದೇ ಹೊತ್ತಿಗೆ ಫೋನು ಬಂತು. ದೊಡ್ಡವ್ವನ ನಂಬರು, ಆದರೆ ಗಂಡಸಿನ ದನಿ.

"ಯಾರಮ್ಮಾ? ನಾನು ಬಸ್ ಕಂಡಕ್ಟರ್ ಮಾತಾಡೋದು. ಇಲ್ಲೊಬ್ಬ ಅಮ್ಮ ಪಂಪು ಅಪ್ಪಿಕೊಂಡು ಮಲಗಿಬಿಟ್ಟಾರ. ಸಿಂಧನೂರಾಗ ಇಳಿಯಾಕ ಕರದ್ರೂ ಏಳಲಿಲ್ಲ, ಗದ್ದಲದಾಗ ನಾನೂ ಮರೆತೆ. ಈಗ ಮಸ್ಕಿ ಬಂದೈತಿ. ನಿಮ್ಮವ್ರೇನು?"

ನನಗೆ ಫೋನಿನಲ್ಲಿ ಗುರುತಿಲ್ಲದವರ ಜೊತೆ ಮಾತು ಬರುವುದಿಲ್ಲ. ಆದರೂ "ನಮ್ಮವ್ರು, ಅಲ್ಲೇ ಕುಂದ್ರಿಸ್ರಿ, ಬರ್ತೀನಿ," ಎಂದು ಒಂದೇ ಉಸಿರಿನಲ್ಲಿ ಹೇಳಿದೆ.

ಮಸ್ಕಿ ಬಸ್ ನಿಲ್ದಾಣದಲ್ಲಿ ದೀಪ ಹಚ್ಚಿದ್ದರು. ದೊಡ್ಡವ್ವ ಕಲ್ಲು ಬೆಂಚಿನ ಮೇಲೆ ಕೂತಿದ್ದಳು. ಪಂಪು ಪಕ್ಕದಲ್ಲಿತ್ತು. ಯಾರೋ ಕೊಡಿಸಿದ ಮಿರ್ಚಿ ಭಜಿಯ ಪೊಟ್ಟಣ ಕೈಯಲ್ಲಿತ್ತು. ನನ್ನನ್ನು ನೋಡಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ತವರುಮನಿಗೆ ಹೊಂಟಿದ್ದೆ ನೋಡು, ಪಂಪು ಕಟ್ಕೊಂಡು. ಇನ್ನೊಂದೀಟು ಮಲಗಿದ್ರ ಲಿಂಗಸುಗೂರಿಗೆ ಹೋಗಿ ನಿಮ್ಮವ್ವನ್ನ ಮಾತಾಡಿಸಿ ಬರ್ತಿದ್ದೆ."

ನಾನು ನಗಲಿಲ್ಲ. ಪಕ್ಕದಲ್ಲಿ ಕೂತೆ. ಅವಳು ಒಂದು ಮಿರ್ಚಿ ನನಗೆ ಕೊಟ್ಟಳು, ಒಂದು ತಾನು ಕಚ್ಚಿದಳು, ಅಗಿಯಲು ಮರೆತಂತೆ ಸ್ವಲ್ಪ ಹೊತ್ತು ಬಾಯಲ್ಲೇ ಇಟ್ಟುಕೊಂಡಳು.

"ದೊಡ್ಡವ್ವ, ಆ ಡಬ್ಬಿ ತೆಗೀತೀನಿ," ಎಂದೆ.

"ಡಬ್ಬಿಗೆ ಏನೂ ಅನಬ್ಯಾಡ. ಡಬ್ಬಿ ಚೊಲೋ ಐತಿ. ಹಗುರ ಐತಿ."

"ನೀ ಉಣವಲ್ಲಿ. ನಾ ನೋಡೀನಿ."

ಒಂದು ಬಸ್ಸು ಬಂತು, ಜನ ಇಳಿದರು, ಹತ್ತಿದರು, ಹೋಯಿತು.

"ಮೊದಲು ಹೆಂಗಿತ್ತು ಗೊತ್ತೇನು," ಎಂದಳು. "ಪಂಪು ಗುಂಯ್ ಅಂತಿರ್ತಿತ್ತು. ಬಿಸಿಲು ನೆತ್ತಿಗೆ ಬಂತು ಅಂದ್ರ ಅದರ ದನಿ ಸಣ್ಣಗ ಆಗ್ತಿತ್ತು. ಯಾರ್ದು ಮೊದಲು ಸಣ್ಣಗ ಆಗ್ತೈತಿ ಅಂತ ಕಿವಿ ಕೊಟ್ಟು ಕೇಳ್ತಿದ್ವಿ. ಆದ್ರ ಮುಗೀತು. ಯಾರನ್ನೂ ಕೇಳೋದಿಲ್ಲ, ಯಾರಿಗೂ ಕೈ ಮುಗಿಯೋದಿಲ್ಲ. ಇಳಿಸಿ ಕುಂತುಬಿಡೋದು. ನನ್ನ ಜೀವನದಾಗ ಕುಂದ್ರಾಕ ಯಾರನ್ನೂ ಕೇಳದ ಹೊತ್ತು ಅಂದ್ರ ಅದೊಂದ ಇತ್ತು ನೋಡಬೇ. ಈಗ ಅಂವನ್ನ ಕೇಳಬೇಕು. ನನಗ ಕೇಳಾಕ ಆಗವಲ್ದು."

"ಮತ್ತ ನನಗ ಯಾಕ ಹೇಳಲಿಲ್ಲ?"

"ಹೆಂಗ ಹೇಳ್ಲಿ? ಎಷ್ಟು ದಿನ ಕುಂತು ಮಾಡೀದಿ. ಬೆರಳೆಲ್ಲ ಸುಟ್ಕೊಂಡಿದ್ದಿ. ಊರಿಗೆಲ್ಲ ನನ್ನ ಮಗಳು ಮಾಡ್ಯಾಳ ಅಂತ ಹೇಳೀನಿ. ಈಗ ಕೆಟ್ಟದ್ದು ಅನ್ಲೇನು?"

ಬಸ್ಸಿನಲ್ಲಿ ವಾಪಸ್ ಬರುವಾಗ ಅವಳು ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು. ಪಂಪು ನನ್ನ ತೊಡೆಯ ಮೇಲಿತ್ತು. ನಾನು ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ಹೊಸ ಸೀಸದ ಬ್ಯಾಟರಿ ಹಾಕಿದರೆ ಅದೂ ಸಂಜೆತನಕ ಓಡುತ್ತದೆ, ಮೇಲೆ ಭಾರ ಬೇರೆ. ಡಬ್ಬಿಯನ್ನು ಕೆಡಿಸಿ ಸುಳ್ಳು ಅಂಕಿ ತೋರಿಸುವಂತೆ ಮಾಡಬಹುದು, ಆದರೆ ಅದನ್ನು ದೊಡ್ಡವ್ವ ಹೊರಲಾರಳು. ಒಂದು ಚಾರ್ಜಿಗೆ ಒಂದು ಕೂಲಿ ಎಂದು ಮಾತಾಗಿದೆ. ಚಾರ್ಜು ಎಷ್ಟು ದೊಡ್ಡದಿರಬೇಕೆಂದು ಯಾರೂ ಮಾತಾಡಿಲ್ಲ. ಗುಂಪಿಗೆ ಆರಾರು ಸೆಲ್ ಹಾಕಿದವಳು ನಾನು. ಮೂರು ಮೂರೇ ಇದ್ದರೆ ಅರ್ಧ ಹೊತ್ತು ಓಡುತ್ತದೆ, ಅಂದರೆ ಮಧ್ಯಾಹ್ನದವರೆಗೆ. ಅಂಕಿ ನಿಜವನ್ನೇ ತೋರಿಸುತ್ತದೆ. ಉಳಿದ ನಾಲ್ವರಷ್ಟೇ ದೊಡ್ಡವ್ವನೂ ಹೊಡೆದಿರುತ್ತಾಳೆ. ಪಂಪು ಇನ್ನಷ್ಟು ಹಗುರವಾಗುತ್ತದೆ.

ಮನೆಗೆ ಬಂದು ಮಾಸುಂಬಿಗೆ ಹೇಳಿದೆ. ಅವಳು ಕಡ್ಡಿಯ ತುದಿ ಒರೆಸುತ್ತ ಕೇಳಿದಳು.

"ಕನಕರಾಜ ಕೇಳಿದ್ರ?"

"ಸೆಲ್ ಕೆಲವು ತೆಗೆದೀನಿ ಅಂತ ಹೇಳ್ತೀನಿ."

"ನೀ ಹೇಳ್ತೀಯಾ? ನಿನ್ನ ಬಾಯಿಲೆ?"

"ಹೇಳ್ತೀನಿ," ಎಂದೆ. ಹೇಗೆ ಹೇಳುವೆನೋ ಗೊತ್ತಿಲ್ಲ. ನಾಲ್ಕು ಪಂಪಿನ ಕೆಲಸ ಬೇಡ ಎಂದೂ ಹೇಳಬೇಕು. ಅದು ಇನ್ನೂ ಕಷ್ಟ, ಏಕೆಂದರೆ ಆ ಕೆಲಸ ನನಗೆ ಬೇಕಾಗಿತ್ತು. ಮಾಸುಂಬಿ ನನ್ನ ಮುಖ ನೋಡಿ, ಟಾರ್ಚಿನ ಕೆಲಸ ಬಹಳ ಬಿದ್ದಿದೆ, ಅರ್ಧ ನೀನು ಮಾಡು ಎಂದಳು.

ದೊಡ್ಡವ್ವನಿಗೆ ಹೇಳಿದಾಗ ಅವಳು ಬೇಡವೆಂದಳು. ಅಷ್ಟು ಚೆಂದ ಮಾಡಿದ್ದನ್ನು ಯಾಕೆ ಬಿಚ್ಚುತ್ತೀ ಎಂದು ಡಬ್ಬಿಯ ಮೇಲೆ ಕೈ ಇಟ್ಟುಕೊಂಡಳು. ನಾನು ಅವಳ ಮುಂದೆಯೇ ಕೂತೆ. ಸ್ವಲ್ಪ ಹೊತ್ತಿಗೆ ಕೈ ತೆಗೆದಳು.

"ಮಧ್ಯಾಹ್ನಕ್ಕ ಕುಂದ್ರತೈತೇನು, ಖರೇನ?"

"ಕುಂದ್ರತೈತಿ."

"ಹಂಗಾರ ಮಾಡು," ಎಂದು ಗೋಡೆಯ ಕಡೆ ಹೊರಳಿ ಮಲಗಿದಳು.

ನಾಳೆ ಅಮಾವಾಸ್ಯೆ. ಗುಂಪಿನವರು ಯಾರೂ ಗದ್ದೆಗೆ ಹೋಗುವುದಿಲ್ಲ, ಪಂಪು ಮನೆಯಲ್ಲೇ ಇರುತ್ತದೆ. ಬೆಳಿಗ್ಗೆ ದೊಡ್ಡವ್ವನಿಗೆ ರೊಟ್ಟಿ ಮಾಡಿಟ್ಟು, ಡಬ್ಬಿ ತೆರೆದು, ಬೆಸುಗೆ ಬಿಚ್ಚಿ, ಒಂದೊಂದು ಗುಂಪಿನಿಂದ ಮೂರು ಸೆಲ್ ತೆಗೆಯುತ್ತೇನೆ. ನಾಡಿದ್ದು ದೊಡ್ಡವ್ವನ ಜೊತೆ ಟಂಟಂ ಹತ್ತಿ ಜವಳಗೇರಾಕ್ಕೆ ಹೋಗಿ ಕನಕರಾಜನಿಗೆ ಆ ಎರಡೂ ಮಾತು ಹೇಳುತ್ತೇನೆ.